ಅವ್ವಗ ಚಕ್ಕರ್ ಬಂತು

ಮೊದ್ಲು ತಿರುಗಿದ್ದು ರೊಟ್ಟಿ. ಬಡಿಯೋವಾಗ ರೊಟ್ಟಿ ತಿರಗೂದು ಹೊಸಾದೇನಲ್ಲ ಬಿಡ್ರಿ, ತಿರುಗದಿದ್ರ ಅದು ರೊಟ್ಟಿನ ಆಗೂದಿಲ್ಲ. ಆದ್ರ ಅವತ್ತು ಮುಂಜಾನೆ ನಾ ಕೈ ಎತ್ತಿದ ಮ್ಯಾಲೂ ಅದು ತಿರಗಾಕತ್ತಿತ್ತು. ಅದರ ಹಿಂದ ಹಲಗಿ ತಿರುಗಿತು, ಒಲಿ ತಿರುಗಿತು, ಮ್ಯಾಲಿನ ಡಬ್ಬಿ ಸಾಲು ತಿರುಗಿತು, ಕಡೀಕ ಬಾಗಲದಾಗ ನಿಂತಿದ್ದ ನಮ್ಮ ಅತ್ತಿನೂ ತಿರಗಾಕ ಹತ್ತಿದ್ರು.

"ಅತ್ತೀ, ಯಾಕ್ರಿ ಹಂಗ ತಿರಗಾಕತ್ತೀರಿ?" ಅಂತ ಕೇಳಿದೆ.

"ನಾ ನಿಂತಲ್ಲೇ ನಿಂತೇನಿ ತಾಯಿ. ಮುಂಜ್ ಮುಂಜಾನೆ ನಿನಗೇನಾತು?" ಅಂದ್ರು. ಅಷ್ಟರಾಗ ನಾ ಹಿಟ್ಟಿನ ಕೈಲೇ ನೆಲ ಹಿಡ್ಕೊಂಡು ಕುಂತಬಿಟ್ಟಿದ್ದೆ.

ಕಣ್ಣ ಮುಚ್ಚಿದ್ರೂ ತಿರಗೂದು, ತೆರದ್ರೂ ತಿರಗೂದು. ಕುಡಿದ ನೀರು ಹೊಟ್ಟ್ಯಾಗ ನಿಲ್ಲಲಿಲ್ಲ. ನಮ್ಮನಿಯವ್ರದು ವೀಳ್ಯದೆಲಿ ವ್ಯಾಪಾರ. ಸವಣೂರ ಎಲಿ ಪೆಂಡಿ ಹೇರೋ ಟಂಟಂ ಒಂದೈತಿ. ಅದರಾಗ ನನ್ನ ಮಲಗಿಸ್ಕೊಂಡು ಊರಿನ ಡಾಕ್ಟರ್ ಹತ್ರ ಒಯ್ದ್ರು. ಅವರು ಬಿಪಿ ನೋಡಿದ್ರು, ಶುಗರ್ ನೋಡಿದ್ರು, ಎರಡೂ ಬರೋಬ್ಬರಿ ಇದ್ವು. "ಹುಬ್ಬಳ್ಳಿಗೆ ಹೋಗಿ ಒಮ್ಮೆ ಮೆದುಳು ನೋಡಿಸ್ಕೊಂಡು ಬಂದುಬಿಡ್ರಿ" ಅಂದ್ರು. ಮೆದುಳು ಅನ್ನೂದ ತಡ, ದಾರ್‍ಯಾಗೆಲ್ಲಾ ಪಿತ್ತ ಅಂತ ವಾದ ಮಾಡ್ಕೋತ ಬಂದಿದ್ದ ನಮ್ಮನಿಯವ್ರ ಬಾಯಿ ಬಂದಾತು.

ನನ್ನ ಹೆಸರು ಶಾರದಾ. ಹತ್ತಿಮತ್ತೂರ ಸಾಲ್ಯಾಗ ಕನ್ನಡ ಕಲಸ್ತೇನಿ. ಹುಬ್ಬಳ್ಳ್ಯಾಗ ಆ ದೊಡ್ಡ ಮಶೀನಿನ ಕೊಳವಿಯೊಳಗ ಮಕ್ಕೊಂಡಾಗ ನನಗ ದೇವರ ನೆನಪೂ ಆಗಲಿಲ್ಲ, ಯಾವ ವಚನವೂ ಬಾಯಿಗೆ ಬರಲಿಲ್ಲ. ನನ್ನ ಮಗಳು ಸ್ಫೂರ್ತಿಗೆ ನಾಳೆಯಿಂದ ಜಡಿ ಹಾಕಾವ್ರು ಯಾರು, ನಮ್ಮನಿಯವ್ರು ಹಾಕಿದ್ರ ಅದು ಹಗ್ಗ ಹೊಸದಂಗ ಆಗತೈತಿ ಅಂತ ಅದೊಂದ ಚಿಂತಿ. ಭಾಳ ಹೆದರಿದ್ದೆ. ಯಾರ ಮುಂದೂ ಹೇಳಿರಲಿಲ್ಲ, ಈಗ ಹೇಳಾಕತ್ತೇನಿ.

ವರದಿ ಬರೂತನಕ ಹೊರಗ ಕುಂಡ್ರಬೇಕಾತು. ಆ ಫರಸಿಗೆ ಕರಿ ಬಿಳಿ ಚೌಕ ಹಾಕಿದ್ರು. ನನ್ನ ಕಣ್ಣಿಗೆ ಅವು ಒಂದರ ಹಿಂದ ಒಂದು ಓಡಾಕತ್ತಿದ್ವು. ಕಾಲು ಮ್ಯಾಲ ತಗೊಂಡು ಕುಂತೆ. ಬಾಜೂಕ ಹಾನಗಲ್ಲಿನ ಒಬ್ಬ ಅಕ್ಕಾರು ಕಣ್ಣಮ್ಯಾಲ ಸೆರಗು ಎಳಕೊಂಡು ಕುಂತಿದ್ರು. ಸೆರಗಿನೊಳಗಿಂದನ ನನ್ನ ಕೇಳಿದ್ರು:

"ನಿಮ್ದೂ ಚಕ್ಕರ್ ಏನ್ರಿ? ಯಾ ಕಡೆ ತಿರಗತೈತಿ?"

"ಬಲಕ್ಕರಿ."

"ನಂದು ಎಡಕ್ಕ. ಹಂಗಾರ ಇನ್ನಷ್ಟು ಸನೇಕ ಸರದು ಕುಂಡ್ರಿ. ಒಂದಕ್ಕೊಂದು ವಜಾ ಆದ್ರೂ ಆದೀತು."

ನಗಾಕ ಹೋಗಿ ಮತ್ತ ಹೊಟ್ಟಿ ತೊಳಸಿದಂಗಾತು. ಆದ್ರೂ ನಕ್ಕೆ. ಆ ಅಕ್ಕಾರು ಚೀಲದಾಗಿಂದ ಶುಂಠಿ ಪೆಪ್ಪರ್‌ಮಿಂಟ್ ತಗದು ನನ್ನ ಕೈಯಾಗ ಇಟ್ರು. ಅವರ ಮುಖ ನಾ ಇವತ್ತಿಗೂ ನೋಡಿಲ್ಲ, ಸೆರಗ ಅಷ್ಟ ನೋಡೇನಿ. ನಿಮಗೂ ಈ ರೋಗ ಬಂದಿದ್ರ, ಅಂಥಾವ್ರೊಬ್ಬರು ನಿಮ್ಮ ಬಾಜೂಕ ಕುಂತಿರ್ಲಿ ಅಂತ ನಾ ಬೇಡ್ಕೋತೇನಿ.

ಡಾಕ್ಟರ್ ಬಾಯಾರು ನಗಮುಖದಾವ್ರು. ಮೆದುಳಿಗೆ ಏನೂ ಆಗಿಲ್ಲ, ಕಿವಿಯೊಳಗ ಮೈ ತೋಲ ತಪ್ಪದಂಗ ನೋಡ್ಕೊಳ್ಳೋ ನರ ಬಾತು ಒಂದ ಕಡೆ ಕೆಲಸ ಬಿಟ್ಟೈತಿ ಅಂದ್ರು. ನಮ್ಮನಿಯವ್ರು ಅಲ್ಲೇ ಕುರ್ಚಿ ಮ್ಯಾಲ ಕುಂತು ಮಕ್ಕಳಂಗ ಅತ್ತುಬಿಟ್ರು. ಮದವ್ಯಾದಾಗಿಂದ ಅವರು ಅತ್ತಿದ್ದು ನಾ ಕಂಡಿದ್ದಿಲ್ಲ. ವಾಂತಿ ನಿಂತ ಮ್ಯಾಲ ಡಾಕ್ಟರ್ ಹೇಳಿದ ಮಾತು ಇದು: "ಇನ್ನ ಮಲಗೂದು ಸಾಕ್ರಿ. ಚಕ್ಕರ್ ನಿಲ್ಲೂತನಕ ನೀವು ಆ ಕಡೆ ಈ ಕಡೆ ತಲಿ ಹೊಳ್ಳಸೂದಿಲ್ಲ ಅಂತೀರಿ. ತಲಿ ಹೊಳ್ಳಸೂತನಕ ಚಕ್ಕರ್ ನಿಲ್ಲೂದಿಲ್ಲ."

ಹುಚ್ಚು ಬಿಡೂತನಕ ಮದವಿ ಆಗೂದಿಲ್ಲ, ಮದವಿ ಆಗೂತನಕ ಹುಚ್ಚು ಬಿಡೂದಿಲ್ಲ ಅನ್ನೂ ಗಾದಿ ನಾ ಸಾಲ್ಯಾಗ ಎಷ್ಟೋ ಸಲ ಹೇಳಿಕೊಟ್ಟೇನಿ. ಅದು ನನ್ನ ತಲಿಗೇ ಬಂದು ಕುಂಡರತೈತಿ ಅಂತ ಯಾವಾಕಿಗೆ ಗೊತ್ತಿತ್ತು!

ಹೆಬ್ಬೆರಳು ಮುಂದ ಹಿಡದು, ಅದನ್ನ ನೋಡ್ಕೋತ ತಲಿ ಆ ಕಡೆ ಈ ಕಡೆ ಹೊಳ್ಳಸಬೇಕು, ಇದು ಮನ್ಯಾಗ ಮಾಡೂ ಅಭ್ಯಾಸ. ಆದ್ರ ಮನ್ಯಾಗ ಮಾಡಾಕ ಬಿಟ್ರಲ್ಲ? ಚಿಕ್ಕೇರೂರಿಗೆ ಕೊಟ್ಟ ನಮ್ಮ ಗಿರಿಜಕ್ಕ ಸುದ್ದಿ ಕೇಳಿ ಉಟ್ಟ ಸೀರಿ ಮ್ಯಾಲ ಓಡಿಬಂದಿದ್ಲು. ಬಂದಾಕಿ ನನ್ನ ರಟ್ಟಿ ಹಿಡಿದ್ಲು ನೋಡ್ರಿ, ಬಿಡಲೇ ಇಲ್ಲ. ಬಚ್ಚಲಕ್ಕ ಹೋದ್ರ ರಟ್ಟಿ, ಅಂಗಳಕ್ಕ ಬಂದ್ರ ರಟ್ಟಿ, ಕುಂತಲ್ಲೇ ನಾ ಸ್ವಲ್ಪ ವಾಲಿದ್ರ ಸಾಕು, ಎರಡೂ ರಟ್ಟಿ. ಇನ್ನೊಂದು ಕೈಯಾಗ ಸದಾ ಒಂದು ಉಳ್ಳಾಗಡ್ಡಿ. ನಾ ಬಿದ್ರ ಅದನ್ನ ಗುದ್ದಿ ಒಡದು ಮೂಗಿಗೆ ಹಿಡಿಯಾಕ.

"ಡಾಕ್ಟರ್ ಹೊಳ್ಳಸು ಅಂತಾರ ಅಂತ ಹೊಳ್ಳಸತೀಯೇನ? ಬಿದ್ರ ಅವರ ತಲಿ ಒಡಿಯೂದಿಲ್ಲ ಶಾರೀ, ನಿಂದು ಒಡೀತೈತಿ. ಮಕ್ಕೋ ಸುಮ್ನ!"

"ನಿಮ್ಮಕ್ಕನ್ನ ಚಿಕ್ಕೇರೂರಿಗೆ ಕೊಟ್ಟದ್ದು ತಪ್ಪಾತು. ರಟ್ಟೀಹಳ್ಳಿಗೆ ಕೊಡಬೇಕಾಗಿತ್ತು" ಅಂತ ನಮ್ಮನಿಯವ್ರು ಕಿವ್ಯಾಗ ಅಂದ್ರು. ಅತ್ತಿ ಅಂತೂ ಉಪ್ಪು ಮೆಣಸಿನಕಾಯಿ ನಿವಾಳಿಸಿ ಒಲಿಗೆ ಹಾಕಿ, ಮೆಣಸಿನಕಾಯಿ ಘಾಟು ಬರದಿದ್ದಕ್ಕ "ನೋಡಿದ್ಯಾ, ಎಂಥಾ ದೃಷ್ಟಿ ಆಗೈತಿ" ಅಂತ ಓಣಿಗೆಲ್ಲಾ ಹೇಳಿ ಬಂದ್ರು. ಎಲ್ಲಾರದೂ ಪ್ರೀತಿನ. ಆ ಪ್ರೀತಿಯೊಳಗ ನಾ ತಿಂಗಳಗಟ್ಟಲೆ ಮಲಗೇ ಇದ್ದೆ.

ಸಂಕ್ರಾಂತಿ ಮುಗದ ಮ್ಯಾಲ ಹಟಾ ಮಾಡಿ ಒಂದ ದಿನ ಸಾಲಿಗೆ ಹೋದೆ. ಕರಿಹಲಗಿ ಮ್ಯಾಲ ಒಂದು ಸಾಲು ಬರದೆ. ಹುಡುಗೂರ ಕಡೆ ಹೊಳ್ಳಿದೆ. ನಾ ಹೊಳ್ಳಿ ನಿಂತೆ, ಹುಡುಗೂರು ನಿಲ್ಲಲಿಲ್ಲ. ಬೆಂಚು, ಕಿಡಕಿ, ಅವರ ಮುಖ ಎಲ್ಲಾ ಒಂದ ಕಡೆ ಹರಕೊಂಡು ಹೋದ್ವು. ಮೇಜಿನ ತುದಿ ಬಡಕೊಂಡು ಕೆಳಗ ಬಿದ್ದೆ. ಮುಂದಿನ ಬೆಂಚಿನ ಹುಡುಗಿ ಚಿಟ್ಟನೆ ಚೀರಿ ಅಳಾಕ ಹತ್ತಿದ್ಲು. ನನಗ ನೋವಾಗಿದ್ದಕ್ಕಿಂತ ಆಕಿ ಅತ್ತಿದ್ದು ಸಂಕಟ ಆತು.

ಅವತ್ತು ಮನ್ಯಾಗ ತೀರ್ಮಾನ ಆತು. ಬ್ಯಾಸಗಿ ಸೂಟಿ ಮುಗಿಯೂತನಕ ನೋಡೂದು, ಆಗದಿದ್ರ ನೌಕರಿ ಬಿಡೂದು. ಕಲಿಸೂದಂದ್ರ ಏನ್ರಿ? ಹಲಗಿ ಕಡೆ ಹೊಳ್ಳೂದು, ಹುಡುಗೂರ ಕಡೆ ಹೊಳ್ಳೂದು. ದಿನಾ ಅದನ್ನ ಮಾಡ್ಕೋತ ಬಂದಾಕಿ ನಾನು. ಆ ಒಂದು ಹೊಳ್ಳೂದು ನನಗ ವಾಪಸ್ ಬೇಕಾಗಿತ್ತು. ಉಳಿದದ್ದೇನೂ ಕೇಳಲಿಲ್ಲ ನಾನು.

ಸ್ಫೂರ್ತಿ ಶಿಗ್ಗಾವಿಗೆ ಸ್ಕೇಟಿಂಗ್ ಕಲಿಯಾಕ ಹೋಗ್ತಿದ್ಲು. ಮಂಗಲ ಕಾರ್ಯಾಲಯದ ಹಿಂದ ಒಂದು ಸಿಮೆಂಟಿನ ಅಂಗಳ. ನಮ್ಮ ಕಡೆ ಬರ್ಫ್ ಅಂದ್ರ ಐಸ್‌ಕ್ಯಾಂಡಿ ಅಷ್ಟ, ಹಿಂಗಾಗಿ ಇದು ಗಾಲಿ ಬೂಟಿನ ಸ್ಕೇಟಿಂಗ್. ನನ್ನೊಬ್ಬಾಕಿನ್ನ ಮನ್ಯಾಗ ಬಿಡಬಾರದು ಅಂತ ಅಕ್ಕ ನನ್ನೂ ಕರಕೊಂಡು ಹೋಗಾಕ ಹತ್ತಿದ್ಲು, ರಟ್ಟಿ ಸಮೇತ. ಮೊದಲನೇ ದಿನ ಹುಡುಗೂರು ಅಂಗಳದ ಸುತ್ತ ಓಡೂದು ನೋಡೇ ನನ್ನ ಕಥಿ ಮುಗೀತು. ಅಕ್ಕ ನೀರು ತರಾಕ ಹೋದಾಗ ಗೇಟಿನ ಸಳಿ ಹಿಡ್ಕೊಂಡು ನಿಂತಿದ್ದೆ. ಕಲಸೂ ನಾಜನೀನ್ ಟೀಚರ್ ಬಂದ್ರು, ಸಣ್ಣ ವಯಸ್ಸಿನ ಚುರುಕ ಹೆಣ್ಣಮಗಳು.

"ಏನಾತ್ರಿ ಅಕ್ಕಾರ?"

"ಏನಿಲ್ರಿ. ನನಗ ಚಕ್ಕರ್ ಬರ್ತಾವು."

ಅವರ ಮುಖ ಅರಳಿತು. "ಮಸ್ತ್! ಎಲ್ಲಿ ಕಲತ್ರಿ? ಈ ಹುಡುಗೂರಿಗೆ ವರ್ಷದಿಂದ ಹೇಳಾಕತ್ತೇನಿ, ಒಬ್ಬರಿಗೂ ನೆಟ್ಟಗ ಒಂದು ಚಕ್ಕರ್ ಬರವಲ್ದು!"

ನನಗ ತಿಳಿಯಾಕ ಸ್ವಲ್ಪ ಹೊತ್ತು ಹಿಡೀತು. ನಿಂತಲ್ಲೇ ಗಿರಗಿಟ್ಲಿಯಂಗ ತಿರಗೂದಕ್ಕ ಅವರು ಚಕ್ಕರ್ ಅಂತಿದ್ರು. ನಮ್ಮೂರಾಗ ಈಜು ಬರ್ತೈತಿ, ಸೈಕಲ್ ಬರ್ತೈತಿ ಅಂದಂಗ, ಚಕ್ಕರ್ ಬರ್ತೈತಿ. ತಿಳಿದ ಮ್ಯಾಲ ಗೇಟು ಹಿಡ್ಕೊಂಡೇ ನಕ್ಕೆ, ಅವರಿಗೆ ವಿಷಯ ಹೇಳಿದೆ, ಅವರು ನಾಲಗಿ ಕಚ್ಚಿಕೊಂಡು "ಯಾ ಅಲ್ಲಾ, ಮಾಫ್ ಮಾಡ್ರಿ" ಅಂದ್ರು, ಆಮ್ಯಾಲ ಅವರೂ ನಕ್ರು. ನೀರು ತಂದ ಅಕ್ಕ ನಮ್ಮಿಬ್ಬರನ್ನೂ ನೋಡಿ ಉಳ್ಳಾಗಡ್ಡಿ ಕೈಗೆ ತಗೊಂಡ್ಲು.

ನಕ್ಕು ಮನಿಗೆ ಬಂದೆ, ಆದ್ರ ಆ ಮಾತು ತಲ್ಯಾಗ ಕುಂತಿತು. ಬರೂ ಚಕ್ಕರ್ ನನಗ ಹೇಳಿ ಕೇಳಿ ಬರೂದಿಲ್ಲ. ನಾನಾಗೇ ಹೊಡಿಯೋ ಚಕ್ಕರ್ ಇದ್ರ? ಡಾಕ್ಟರಿಗೆ ಫೋನ್ ಹಚ್ಚಿದೆ. ಅವರು ನಕ್ರು. ಮನಿ ಅಭ್ಯಾಸ ಮೊದ್ಲು ಪೂರ್ತಿ ಮಾಡ್ರಿ, ಒಮ್ಮೆ ಬಂದು ತೋರಿಸ್ರಿ, ಆಮ್ಯಾಲ ಹೆಲ್ಮೆಟ್ ಹಾಕ್ಕೊಂಡು, ಬಾಜೂಕ ಒಬ್ಬರನ್ನ ಇಟ್ಕೊಂಡು, ಸಾವಕಾಶ ಅಂದ್ರು. ಇದನ್ನ ಓದಿದಾವ್ರು ನಾಳೇನ ಗಾಲಿ ಕಟ್ಕೊಂಡು ಬೀದಿಗೆ ಇಳೀಬ್ಯಾಡ್ರಿ ಮತ್ತ. ನಿಮ್ಮ ಡಾಕ್ಟರಿಗೆ ಕೇಳ್ರಿ. ಕೇಳದ ಬಿದ್ದು ನನ್ನ ಬೈದ್ರ ನಾ ಕೇಳಾಕಿಲ್ಲ.

ಕದ್ದು ಮುಚ್ಚಿ ಹೆಬ್ಬೆರಳಿನ ಅಭ್ಯಾಸ ಮಾಡಿ, ಹುಬ್ಬಳ್ಳಿಗೆ ಹೋಗಿ ತೋರಿಸಿ ಬಂದೆ. ಅಕ್ಕಗ ನಾ ಹೇಳಿದ್ದು ಅರ್ಧ ಖರೇ. "ಬರೇ ಗಾಲಿ ಬೂಟ ಹಾಕ್ಕೊಂಡು ಕಂಬಿ ಹಿಡದು ನಡಿಯೂದು, ಡಾಕ್ಟರ್ ಹೇಳ್ಯಾರ" ಅಂದೆ. ಯುಗಾದಿ ಆದ ಮ್ಯಾಲ ಅಕ್ಕ, ಅತ್ತಿ ಇಬ್ಬರೂ ಮಾಳಗಿ ಮ್ಯಾಲ ಸಂಡಿಗಿ ಹಪ್ಪಳದಾಗ ಬಿದ್ರು. ನನ್ನ ರಟ್ಟಿಗೆ ಬಿಡುಗಡಿ ಆತು. ನಾನೂ ಸ್ಫೂರ್ತಿನೂ ಇಬ್ಬರ ಶಿಗ್ಗಾವಿ ಬಸ್ ಹತ್ತಿದ್ವಿ.

ನಾಜನೀನ್ ಟೀಚರ್ ಮೊದ್ಲು ಕಲಿಸಿದ್ದು ಬೀಳೂದು. "ಮುಂದಕ್ಕ ಬೀಳಬ್ಯಾಡ್ರಿ, ಹಿಂದಕ್ಕ ಬೀಳಬ್ಯಾಡ್ರಿ. ಮೊಣಕಾಲು ಮಡಚಿ ಮಗ್ಗಲಕ್ಕ ಕುಂತುಬಿಡ್ರಿ, ಮನ್ಯಾಗ ಚಾಪಿ ಮ್ಯಾಲ ಕುಂತಂಗ." ಕುಂತೆ. ಎದ್ದೆ. ಮತ್ತ ಕುಂತೆ. ನನ್ನ ಮಗಳ ವಾರಿಗಿ ಹುಡುಗೂರು "ಸ್ಫೂರ್ತಿ ಅವ್ವ ಬಿದ್ರು, ಸ್ಫೂರ್ತಿ ಅವ್ವ ಬಿದ್ರು" ಅಂತ ಕುಣದಾಡಿದ್ವು. ಕುಣೀಲಿ ಬಿಡ್ರಿ. ಅಳೂದಕ್ಕಿಂತ ಚಲೋ ಅಲ್ಲ?

ಆಮ್ಯಾಲ ಚಕ್ಕರ್. ಎರಡೂ ಕಾಲು ನೆಲದ ಮ್ಯಾಲೇ ಇಟ್ಟು ತಿರಗೋ ಎಲ್ಲಾಕಿಂತ ಹಗೂರ ಚಕ್ಕರ್ ಅದು. ಒಂದು ಬೂಟಿನ ಮುಂದಿನ ಗಾಲಿ ಮ್ಯಾಲ ಭಾರ, ಇನ್ನೊಂದರ ಹಿಂದಿನ ಗಾಲಿ ಮ್ಯಾಲ ಭಾರ. ಕೈ ಅಗಲ ಚಾಚಿ ಮೈ ಒಂದು ಕಡೆ ಹುರಿ ಮಾಡಬೇಕು, ಬಿಡಬೇಕು, ತಿರಗಾಕ ಹತ್ತಿದ ಕೂಡ್ಲೆ ಕೂಸನ್ನ ಅವಚಿದಂಗ ಎರಡೂ ಕೈ ಎದಿಗೆ ತಗೋಬೇಕು. ಕೆಳಗ ನೋಡಬಾರದು. ನಾ ಮೊದಮೊದ್ಲು ಕಾಲು ಭಾಗ ಹೊಳ್ಳಿ ಟೀಚರ್ ಕೊರಳಿಗೆ ಜೋತು ಬೀಳ್ತಿದ್ದೆ. ಹೊಟ್ಟಿ ತೊಳಸೂದು, ಕಣ್ಣು ಕತ್ತಲಿ ಬರೂದು, ಕಟ್ಟಿ ಮ್ಯಾಲ ಕುಂತು ಲಿಂಬಿಹಣ್ಣಿನ ಪಾನಕ ಕುಡಿಯೂದು, ಮತ್ತ ಏಳೂದು. ಅರ್ಧ ಹೊಳ್ಳೂದು ಬರೂದ್ರಾಗ ಮಾವಿನಕಾಯಿ ಹಣ್ಣಾಗಿ ಪ್ಯಾಟಿಗೆ ಬಂದಿದ್ವು.

"ತಿರಗೂದು ಮುಖ್ಯ ಅಲ್ರಿ ಅಕ್ಕಾರ, ನಿಂತ ಕೂಡ್ಲೆ ಒಂದಕ್ಕ ಕಣ್ಣು ಹಚ್ಚೂದು ಮುಖ್ಯ" ಅಂದ್ರು ಟೀಚರ್. "ಗಿಡ, ಕಂಬ, ಏನರ ಹಿಡೀರಿ."

ನಾ ಏನು ಹಿಡದೆ ಗೊತ್ತೇನ್ರಿ? ಕಾರ್ಯಾಲಯದ ಗ್ವಾಡಿ ಮ್ಯಾಲ ದೊಡ್ಡ ಅಕ್ಷರದಾಗ ಬರದಿದ್ರು: ಇಲ್ಲಿ ವಾಹನ ನಿಲ್ಲಿಸಬಾರಧು. ಆ "ಧು" ಅನ್ನೂದು ಮೊದಲನೇ ದಿನದಿಂದ ನನ್ನ ಕಣ್ಣಿಗೆ ಚುಚ್ಚಾಕತ್ತಿತ್ತು. ಕನ್ನಡ ಟೀಚರ್ ಜಾತಿನ ಹಂಗ, ಜೀವ ಹೋಗೂ ಹೊತ್ತಿನ್ಯಾಗೂ ಮಹಾಪ್ರಾಣ ತಪ್ಪಿದ್ರ ಕಾಣತೈತಿ. ಗಿಡ ಜೋಲಿ ಹೊಡೀತಿತ್ತು, ಕಂಬ ವಾಲ್ತಿತ್ತು. ಆ ಧಕಾರದ ಹೊಟ್ಟಿ ಸೀಳಿದ ಗೆರಿ ಮಾತ್ರ ನನ್ನ ಕಣ್ಣಾಗ ಗೂಟ ಬಡದಂಗ ನಿಲ್ತಿತ್ತು.

ಒಂದಿನ ಮುಂಜಾನೆ ಕೈ ಚಾಚಿದೆ, ಹುರಿ ಮಾಡಿದೆ, ಬಿಟ್ಟೆ. ಕೈ ಎದಿಗೆ ತಗೊಂಡೆ. ಗೇಟು ಹೋತು, ಗಿಡ ಹೋತು, ಗ್ವಾಡಿ ಬಂತು, ಮತ್ತ ಗೇಟು, ಮತ್ತ ಗಿಡ. ಸೀರಿ ಬಿಟ್ಟು ನಾ ಹಾಕ್ಕೊಂಡಿದ್ದ ಚೂಡಿದಾರಿನೊಳಗ ಗಾಳಿ ಹೊಕ್ಕಿತು. ಕೈ ತೆರದೆ, ನಿಂತೆ. ಧು. ಅಲ್ಲೇ ಐತಿ! ಎಲ್ಲೂ ಹೋಗಿಲ್ಲ! ನಾ ಚೀರಿದ್ದು ಶಿಗ್ಗಾವಿ ಬಸ್ ಸ್ಟ್ಯಾಂಡಿಗೆ ಕೇಳಿರಬೇಕು.

ಸ್ಫೂರ್ತಿಗೆ ತಡಕೊಳ್ಳಾಕ ಆಗಲಿಲ್ಲ. ನನ್ನ ಚೀಲದಾಗಿನ ಫೋನ್ ತಗದು ಮನಿಗೆ ಹಚ್ಚಿದ್ಲು. ಮಾಳಗಿ ಮ್ಯಾಲ ಅತ್ತಿ ಎತ್ತಿದ್ರು. ಈಕಿ ಒಂದ ಉಸರಿನ್ಯಾಗ "ಅಜ್ಜೀ, ಅವ್ವಗ ಚಕ್ಕರ್ ಬಂತು!" ಅಂದಾಕಿನ, ಇನ್ನೊಮ್ಮಿ ನೋಡಬೇಕಂತ ಫೋನ್ ಚೀಲದಾಗ ಒಗದು ಓಡಿ ಬಂದ್ಲು. ಆ ಕಡೆಯಿಂದ ಅವರು ಎಷ್ಟು ಸಲ ಹಚ್ಚಿದ್ರೋ. ಎತ್ತಾವ್ರು ಯಾರು? ನಾವೆಲ್ಲಾ ಅಂಗಳದಾಗ ಕುಣಿಯಾಕತ್ತಿದ್ವಿ.

ಕುಣದು ದಣದು, ಬೂಟಿನ ಲಾಡಿ ಸಡ್ಲಾಗಿತ್ತು ಅಂತ ನಾ ನೆಲದ ಮ್ಯಾಲ ಕುಂತಿದ್ದೆ. ಅಷ್ಟರಾಗ ನಮ್ಮ ಟಂಟಂ ಗೇಟಿನೊಳಗ ನುಗ್ಗಿ ಬಂತು. ನಮ್ಮನಿಯವ್ರು ಎಲಿ ಪೆಂಡಿ ಇಳಿಸದ ಹಂಗ ಬಂದಿದ್ರು. ಪೆಂಡಿ ನಡಕ ಅತ್ತಿ, ಅತ್ತಿ ಬಾಜೂಕ ಅಕ್ಕ. ಅಕ್ಕನ ಎರಡೂ ಕೈ ಮೊಣಕೈತನ ಸಂಡಿಗಿ ಹಿಟ್ಟು. ಗಾಡಿ ನಿಲ್ಲೂಕಿಂತ ಮೊದ್ಲ ಜಿಗದು, ನಾ ಹೆಲ್ಮೆಟ್ ಹಾಕ್ಕೊಂಡು ನೆಲದ ಮ್ಯಾಲ ಕುಂತದ್ದು ನೋಡಿ, "ಅಯ್ಯಯ್ಯೋ ಶಾರೀ!" ಅಂತ ಉಳ್ಳಾಗಡ್ಡಿ ನೆಲಕ್ಕ ಗುದ್ದಿ ಒಡದು ನನ್ನ ಮೂಗಿಗೆ ಒತ್ತಿಬಿಟ್ಲು.

"ಅಕ್ಕಾ, ನನಗೇನೂ ಆಗಿಲ್ಲ!" ಅನ್ನಾಕ ಬಾಯಿ ತೆರದ್ರ ಬಾಯ್ತುಂಬ ಉಳ್ಳಾಗಡ್ಡಿ.

ನಾಜನೀನ್ ಟೀಚರ್ ಸಮಾಧಾನ ಮಾಡಾಕ ಬಂದ್ರು. "ಗಾಬರಿ ಆಗಬ್ಯಾಡ್ರಿ! ಚಕ್ಕರ್ ಬಂದದ್ದು ಖರೇ, ಆದ್ರ ಭಾಳ ಚಲೋ ಚಕ್ಕರ್ ಬಂತ್ರಿ!"

"ಚಕ್ಕರ್‌ನ್ಯಾಗ ಚಲೋದ್ಯಾವದ, ಕೆಟ್ಟದ್ಯಾವದ?" ಅಂತ ಅತ್ತಿ ಗಾಡ್ಯಾಗಿಂದನ ಗುಡುಗಿದ್ರು.

ಎಲ್ಲಾ ತಿಳಿಸಿ ಹೇಳೂದ್ರಾಗ ಸಾಕ ಸಾಕಾತು. ಅಕ್ಕಗ ತಿಳದ ಮ್ಯಾಲೂ ಆಕಿ ರಟ್ಟಿ ಬಿಡಲಿಲ್ಲ. ನಾ ಎದ್ದು ನಿಂತೆ, ಆಕಿನೂ ಜೋಡಿ ಎದ್ಲು.

"ಅಕ್ಕಾ, ಬಿಡು."

"ಬಿಡೂದಿಲ್ಲ. ನೆನಪೈತೇನು ನಿನಗ? ಸಣ್ಣಾಕಿದ್ದಾಗ ಪಂಚಮ್ಯಾಗ ಕೈ ಕೈ ಹಿಡ್ಕೊಂಡು ಫುಗಡಿ ತಿರಗೋವಾಗ ಕೈ ಬಿಡಬ್ಯಾಡಕ್ಕಾ, ಬಿಡಬ್ಯಾಡಕ್ಕಾ ಅಂತ ನೀನ ಚೀರತಿದ್ದಿ. ಒಮ್ಮೆರ ಬಿಟ್ಟೇನೇನು?"

"ಬಿಟ್ಟಿಲ್ಲ. ಅದಕ್ಕ ಹೇಳಾಕತ್ತೇನಿ. ಈಗೊಮ್ಮೆ ಬಿಡವಾ, ಸಾಲಿ ಶುರು ಆಗತೈತಿ."

ಅಕ್ಕ ನನ್ನ ಮುಖ ನೋಡಿದ್ಲು. ಒಂದೊಂದ ಬಟ್ಟು ಬಿಚ್ಚಿದಂಗ ಕೈ ಬಿಟ್ಲು. ನನ್ನ ರಟ್ಟಿ ಮ್ಯಾಲ ಸಂಡಿಗಿ ಹಿಟ್ಟಿನ ಐದು ಬಟ್ಟು ಮೂಡಿದ್ವು. ನಾ ಅಂಗಳದ ನಡಕ ಹೋದೆ, ಕೈ ಚಾಚಿದೆ, ತಿರುಗಿದೆ. ಈ ಸಲ ಗೇಟು ಹೋತು, ಟಂಟಂ ಬಂತು, ಅಕ್ಕ ಬಂದ್ಲು, ಅಕ್ಕ ಹೋದ್ಲು, ಮತ್ತ ಬಂದ್ಲು. ನಿಂತೆ. ಬೀಳಲಿಲ್ಲ.

ನಮ್ಮನಿಯವ್ರು ಹುಬ್ಬಳ್ಳ್ಯಾಗ ಅತ್ತಂಗ ಅಳಾಕ ಹತ್ತಿದ್ರು. ಕಡೀಕ ಅತ್ತಿ ಅಂದ್ರು: "ಇನ್ನೊಮ್ಮಿ ತಿರುಗು. ನಾ ಅಂಜಿ ಕಣ್ಣ ಮುಚ್ಚಿದ್ದೆ."

ನನ್ನ ಒಂದು ಕಿವಿ ಇನ್ನೂ ಪೂರಾ ಸುದ್ದ ಆಗಿಲ್ಲ. ಆಗೂದೂ ಇಲ್ಲ ಅಂತಾರ. ಕರೆಂಟ್ ಹೋದ್ರ ಗ್ವಾಡಿ ಹಿಡಿತೇನಿ, ಬಸ್ ಒಮ್ಮೆಲೆ ಹೊಳ್ಳಿದ್ರ ಮುಂದಿನ ಸೀಟು ಹಿಡಿತೇನಿ. ಹೆಬ್ಬೆರಳಿನ ಅಭ್ಯಾಸ ಇವತ್ತಿಗೂ ಬಿಟ್ಟಿಲ್ಲ. ಹಾನಗಲ್ಲಿನ ಅಕ್ಕಾರು ಎಲ್ಲಿದ್ರೂ ಅವರ ಮನಿ ನೆಟ್ಟಗ ನಿಂತಿರ್ಲಿ ಅಂತ ಶುಂಠಿ ಪೆಪ್ಪರ್‌ಮಿಂಟ್ ಕಂಡಾಗೊಮ್ಮೆ ಅನಕೋತೇನಿ.

ಸಾಲಿ ಶುರುವಾದ ದಿನ ಅಕ್ಕ "ಇದೊಂದ ದಿನ ಅಷ್ಟ" ಅಂತ ಜೋಡಿ ಬಂದ್ಲು. ಹೆಡ್‌ಮಾಸ್ತರ್ ನಕ್ಕು ಹೂಂ ಅಂದ್ರು. ಕಡೇ ಬೆಂಚಿನ ಮ್ಯಾಲ ಹುಡುಗೂರ ನಡಕ ಕುಂತ್ಲು, ಮುಟಿಗ್ಯಾಗ ಉಳ್ಳಾಗಡ್ಡಿ. ನಾ ಕರಿಹಲಗಿ ಕಡೆ ಹೊಳ್ಳಿ ಬರದೆ: ಇಲ್ಲಿ ವಾಹನ ನಿಲ್ಲಿಸಬಾರಧು. ಒತ್ತಿ ಬರದದ್ದಕ್ಕ ಖಡು ತುಂಡಾತು.

"ಇದರಾಗ ತಪ್ಪು ಎಲ್ಲೈತಿ ಹೇಳ್ರಿ" ಅಂದು ಹುಡುಗೂರ ಕಡೆ ಹೊಳ್ಳಿದೆ.

ಎಲ್ಲಾರೂ ತಮ್ಮ ತಮ್ಮ ಜಾಗಾದಾಗ ಕುಂತಿದ್ರು. ಕಿಡಕಿ ಇದ್ದಲ್ಲೇ ಇತ್ತು, ಬೆಂಚು ಇದ್ದಲ್ಲೇ ಇದ್ವು. ಅವತ್ತು ಚೀರಿ ಅತ್ತಿದ್ದ ಹುಡುಗಿ ಎಲ್ಲಾರಕಿಂತ ಮೊದ್ಲು ಕೈ ಎತ್ತಿದ್ಲು. ಕಡೇ ಬೆಂಚಿನ ಮ್ಯಾಲ ಅಕ್ಕ ನನ್ನ ಒಮ್ಮೆ ನೋಡಿ, ಉಳ್ಳಾಗಡ್ಡಿ ಚೀಲದೊಳಗ ಹಾಕಿದ್ಲು.

ಸಂಜಿಕ ಅದನ್ನ ಹೆಚ್ಚಿ ಚುರಮರಿಗೆ ಹಾಕಿ ಗಿರ್ಮಿಟ್ ಮಾಡ್ಕೊಂಡು ತಿಂದ್ವಿ.